ನಾನೇ ಕೊಂಡುಹೋದ ಮಲ್ಲಿಗೆ

ಅಕ್ಷಿತಾಳ ತಲೆ ಮೂಸಿದರೆ ಸಾಕು, ಆ ದಿನ ಮೂರನೇ ಮಹಡಿಯಲ್ಲಿ ಮಧ್ಯಾಹ್ನಕ್ಕೆ ಏನು ಅಡುಗೆಯಾಗಿತ್ತು ಎಂದು ನನಗೆ ಗೊತ್ತಾಗುತ್ತಿತ್ತು. ಹೆಚ್ಚಿನ ದಿನ ನಿಂಬೆಹುಲ್ಲು. ಕೆಲವೊಮ್ಮೆ ಹುರಿದ ಬೆಳ್ಳುಳ್ಳಿ. ಮೀನಿನ ಸಾಸಿನ ವಾಸನೆ ಬಂದ ದಿನ ಎರಡು ಸಲ ಶಾಂಪೂ ಹಾಕಿ ತಿಕ್ಕುತ್ತಿದ್ದೆ. ನಾವು ಬಂಗುಡೆ, ಬೂತಾಯಿ ತಿಂದು ಬೆಳೆದವರು, ಮೀನಿನ ವಾಸನೆಗೆ ಮೂಗು ಮುಚ್ಚುವವರಲ್ಲ. ನನ್ನ ಮಗಳ ಕೂದಲಲ್ಲಿ ಬೇರೊಬ್ಬಳ ಒಲೆಯ ವಾಸನೆ ಇತ್ತಲ್ಲ, ನಾನು ತಿಕ್ಕಿದ್ದು ಅದನ್ನು.

ಕೊಲ್ಲಿ ದೇಶದ ಈ ನಗರದಲ್ಲಿ, ಕರಾಮ ಬಡಾವಣೆಯ ಕಟ್ಟಡವೊಂದರಲ್ಲಿ ನಾವಿರುವುದು ಒಂದನೇ ಮಹಡಿಯಲ್ಲಿ. ಮೂರನೆಯದರಲ್ಲಿ ರತ್ತನಾ, ಅವಳ ಗಂಡ, ಮತ್ತು ಅಕ್ಷಿತಾಳ ಓರಗೆಯ ಮಗಳು ಫಾ. ಥಾಯ್ಲೆಂಡಿನವರು. ಗಂಡನಿಗೆ ಹೋಟೆಲಿನಲ್ಲಿ ಅಡುಗೆ ಕೆಲಸ, ರತ್ತನಾ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ನಾನು ಹತ್ತು ನಿಮಿಷದ ನಡಿಗೆಯಲ್ಲಿರುವ ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಆ ವರ್ಷ ಮಕ್ಕಳ ಬೇಸಿಗೆ ರಜೆಯಲ್ಲಿ ನನಗೆ ರಜೆ ಸಿಗಲಿಲ್ಲ, ಉಡುಪಿಗೆ ಹೋಗಲಾಗಲಿಲ್ಲ. ಒಂಬತ್ತು ವರ್ಷದ ಹುಡುಗಿಯನ್ನು ಇಡೀ ದಿನ ಫ್ಲ್ಯಾಟಿನಲ್ಲಿ ಬೀಗ ಹಾಕಿ ಬಿಟ್ಟು ಹೋಗುವುದು ಹೇಗೆ ಎಂದು ಲಿಫ್ಟಿನಲ್ಲಿ ಪೇಚಾಡಿದಾಗ ರತ್ತನಾಳೇ ಹೇಳಿದಳು, ನಮ್ಮ ಮನೆಗೆ ಕಳಿಸಿ, ಫಾಗೂ ಜೊತೆಯಾಗುತ್ತದೆ ಎಂದು.

ಅದು ಉಪಕಾರ. ಇಲ್ಲವೆನ್ನುವುದಿಲ್ಲ. ಆದರೆ ಉಪಕಾರ ಮಾಡಿದವರ ಮೇಲೆಯೇ ಹೊಟ್ಟೆಕಿಚ್ಚು ಪಡುವುದು ಎಷ್ಟು ಸುಲಭ ಎಂಬುದನ್ನು ಆ ಜುಲೈ, ಆಗಸ್ಟಿನಲ್ಲಿ ಕಲಿತೆ.

ನಾನು ಮಾಡಿದ ಗುಳ್ಳ ಬದನೆಯ ಹುಳಿಯಲ್ಲಿ ಹೋಳುಗಳನ್ನೆಲ್ಲ ತಟ್ಟೆಯ ಅಂಚಿಗೆ ಸರಿಸುವವಳು ಅಲ್ಲಿ ಬದನೆಕಾಯಿ ತಿಂದು ಬರುತ್ತಿದ್ದಳು. ಊರಿನಲ್ಲಿ ಅಜ್ಜಿಯ ಕಾಲು ಹಿಡಿ ಎಂದು ಮೂರು ಸಲ ಹೇಳಿಸಿಕೊಳ್ಳುವವಳು ಈಗ ಟಿವಿ ನೋಡುತ್ತಾ ಕೂತ ಅಪ್ಪನ ಎದುರು ಹಾದುಹೋಗುವಾಗ ಬೆನ್ನು ಬಗ್ಗಿಸುತ್ತಿದ್ದಳು. ಬಾಗಿಲನ್ನು ಸದ್ದಿಲ್ಲದೆ ಮುಚ್ಚುತ್ತಿದ್ದಳು. ಬಾಗಿಲು ಬಡಿಯಬೇಡ ಎಂದು ನಾನು ಐದು ವರ್ಷದಿಂದ ಬೊಬ್ಬೆ ಹೊಡೆದದ್ದು ಆ ಮನೆಯ ಆರು ವಾರದಲ್ಲಿ ನಾಟಿತ್ತು. ಒಮ್ಮೆ ಲಿಫ್ಟಿನಲ್ಲಿ ಫಾ ಸಿಕ್ಕಾಗ ಪ್ರೀತಿಯಿಂದ ಅವಳ ತಲೆ ಸವರಿದೆ. ಮನೆಯೊಳಗೆ ಬಂದ ಮೇಲೆ ಅಕ್ಷಿತಾ ಮೆಲ್ಲಗೆ ಹೇಳಿದಳು, "ಅಮ್ಮ, ಅವರ ತಲೆ ಮುಟ್ಬಾರ್ದು. ಫಾ ಎಂತ ಹೇಳುದಿಲ್ಲ, ಬಟ್ ಯು ಶುಡ್ ನೋ."

ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು 'ಮೇ' ಎಂಬ ಮಾತು. ಮೇ ಹಾಗೆ ಹೇಳಿದರು, ಮೇ ಹೀಗೆ ಮಾಡಿದರು. ಆಂಟಿ ಎನ್ನಲು ಅವರಲ್ಲಿ ಹಾಗೆ ಹೇಳುತ್ತಾರೇನೋ ಎಂದುಕೊಂಡಿದ್ದೆ. ಒಂದು ಸಂಜೆ ಕೇಳಿಯೇ ಬಿಟ್ಟೆ. ಅಕ್ಷಿತಾ ಕಿತ್ತಳೆ ಸುಲಿಯುತ್ತಿದ್ದಳು.

"ಮೇ ಅಂದ್ರೆ ಅಮ್ಮ," ಎಂದು ಒಂದು ತೊಳೆ ಬಾಯಿಗೆ ಹಾಕಿಕೊಂಡಳು.

ನಾನು ಎದ್ದುಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದೆ.

ಆಗಸ್ಟಿನ ಮೊದಲ ವಾರ ಅವಳು ಆಹ್ವಾನ ತಂದಳು. ಹನ್ನೆರಡನೇ ತಾರೀಕು, ಶನಿವಾರ, ಮಧ್ಯಾಹ್ನದ ಊಟಕ್ಕೆ. "ಅಮ್ಮ, ನೀನು ಬರ್ಲೇಬೇಕು. ಡ್ಯೂಟಿ ಉಂಟು ಅಂತ ಹೇಳ್ಬಾರ್ದು."

ಮಗಳಿಗೆ ಇಷ್ಟು ದಿನ ಅನ್ನ ಹಾಕಿದ ಮನೆಗೆ ಬರಿಗೈಯಲ್ಲಿ ಹೋಗುವಂತಿಲ್ಲ. ಏನು ಕೊಡುವುದು ಎಂಬ ಮಾತು ರಾತ್ರಿಯ ಊಟದ ಹೊತ್ತಿಗೆ ಬಂತು. ನನ್ನ ಗಂಡ ತಿಲಕ್‌ಗೆ ಎಲ್ಲದಕ್ಕೂ ಸುಲಭದ ಉತ್ತರ ಇರುತ್ತದೆ.

"ಆಫೀಸಿನ ಡ್ರಾದಲ್ಲಿ ಸಿಕ್ಕಿದ ಚೂರಿ ಸೆಟ್ ಉಂಟಲ್ಲ. ಪ್ಯಾಕ್ ಸಹ ಒಡೆದಿಲ್ಲ. ಅದನ್ನೇ ಕೊಡು ಮಾರಾಯ್ತಿ."

"ನೋ ಅಪ್ಪ. ಚೂರಿ ಕೊಟ್ರೆ ಫ್ರೆಂಡ್‌ಶಿಪ್ ಕಟ್ ಆಗ್ತದೆ," ಅಂದಳು ಅಕ್ಷಿತಾ.

"ಹಾಗಾದ್ರೆ ಒಂದು ಬಾಕ್ಸ್ ಕರ್ಚೀಫ್?"

"ಕರ್ಚೀಫ್ ಅಳುದಕ್ಕೆ. ಅದೂ ಬೇಡ." ಅವಳು ಬೆರಳು ಮಡಚತೊಡಗಿದಳು. "ಕಪ್ಪು ಪೇಪರಲ್ಲಿ, ಬಿಳಿ ಪೇಪರಲ್ಲಿ ಸುತ್ಬಾರ್ದು. ಅದು ಯಾರಾದ್ರೂ ಸತ್ರೆ. ಎರಡು ಕೈಯಲ್ಲಿ ಕೊಡ್ಬೇಕು. ಮತ್ತೆ ಮೇ ಅದನ್ನು ನಿಮ್ಮೆದುರು ಓಪನ್ ಮಾಡುದಿಲ್ಲ. ಆಮೇಲೆ ಅಮ್ಮ ಮುಖ ದಪ್ಪ ಮಾಡ್ಬಾರ್ದು."

"ಇವಳನ್ನು ಎಂತ ಅವರ ಎಂಬೆಸಿಯಲ್ಲಿ ಕೆಲಸಕ್ಕೆ ಇಟ್ಕೊಂಡಿದ್ದಾರಾ?" ಎಂದು ತಿಲಕ್ ನಕ್ಕರು.

ನನಗೆ ನಗು ಬರಲಿಲ್ಲ. ನಮ್ಮ ಮನೆಯ ಒಂದಾದರೂ ರೀತಿಯನ್ನು ಇವಳು ಹೀಗೆ ಬಾಯಿಪಾಠ ಒಪ್ಪಿಸಿದ್ದುಂಟೇ. "ಹಾಗಾದ್ರೆ ಎಂತ ಕೊಡ್ಬಹುದು, ನೀನೇ ಹೇಳು," ಅಂದೆ.

"ಫ್ರೂಟ್ಸ್. ಮಾವಿನಹಣ್ಣು ಮೇಗೆ ತುಂಬ ಇಷ್ಟ." ಮತ್ತೆ ತಟ್ಟೆ ನೋಡುತ್ತಾ, "ಹೂ ಮಾತ್ರ ಬೇಡ ಅಮ್ಮ," ಅಂದಳು.

"ಹೂ ಯಾಕೆ ಬೇಡ? ಅವರು ದಿನಾ ಬುದ್ಧನಿಗೆ ಹೂ ಇಡ್ತಾರೆ ಅಂತ ನೀನೇ ಹೇಳಿದ್ದಲ್ವಾ."

"ಬೇಡ ಅಂದ್ರೆ ಬೇಡ. ಮಲ್ಲಿಗೆಯಂತೂ ಬೇಡವೇ ಬೇಡ. ಪ್ಲೀಸ್."

ಚೂರಿಗೆ ಕಾರಣ ಇತ್ತು, ಕರ್ಚೀಫಿಗೆ ಕಾರಣ ಇತ್ತು. ಮಲ್ಲಿಗೆಗೆ ಮಾತ್ರ ಕಾರಣ ಇರಲಿಲ್ಲ. ಮಲ್ಲಿಗೆ ಎಂದರೆ ನಾನು. ಶುಕ್ರವಾರ ಸಿಕ್ಕಿದರೆ ಮುಡಿಯದೆ ಬಿಡುವವಳಲ್ಲ, ಇವಳ ನಾಮಕರಣದಿಂದ ಹಿಡಿದು ಎಲ್ಲ ಫೋಟೋಗಳಲ್ಲೂ ನನ್ನ ತಲೆಯಲ್ಲಿ ಅದು ಇದೆ. ಅಮ್ಮನ ಹೂ ಆ ಮನೆಗೆ ಬಂದರೆ ಇವಳಿಗೆ ನಾಚಿಕೆಯೇ ಎಂದು ಮನಸ್ಸು ಅಲ್ಲೇ ಸುತ್ತತೊಡಗಿತು.

ಹೀಗೆ ಸುತ್ತುವ ಮನಸ್ಸಿಗೆ ಕಣ್ಣೆದುರು ಇರುವುದು ಕಾಣಿಸುವುದಿಲ್ಲ. ವಾಷಿಂಗ್ ಮಷೀನಿಗೆ ಹಾಕುವ ಮೊದಲು ಅವಳ ಫ್ರಾಕು ಕೊಡವಿದರೆ ದಿನಾ ಬಿಳಿ ಕ್ರೇಪ್ ಪೇಪರಿನ ಚೂರುಗಳು ಉದುರುತ್ತಿದ್ದವು. ಬೆರಳ ತುದಿಯಲ್ಲಿ ಒಣಗಿದ ಗೋಂದು. ಕ್ಲಿನಿಕ್ಕಿಗೆ ಸ್ಯಾಂಪಲ್ ಬರುವ ಡೆಂಟಲ್ ಫ್ಲಾಸ್, ಹಲ್ಲಿನ ಸಂದಿ ಶುಚಿ ಮಾಡುವ ಮೇಣ ಹಾಕಿದ ದಾರ, ಅದರ ಪುಟ್ಟ ಡಬ್ಬಿಗಳನ್ನು ನಾನು ಮನೆಗೆ ತಂದು ಇಟ್ಟಿರುತ್ತೇನೆ. ಅವು ಒಂದೊಂದಾಗಿ ಖಾಲಿಯಾಗುತ್ತಿದ್ದವು. "ಎಷ್ಟು ಹಲ್ಲುಂಟು ಮಗಾ ನಿನ್ನ ಬಾಯಲ್ಲಿ?" ಎಂದು ತಮಾಷೆ ಮಾಡಿದ್ದೆ ಅಷ್ಟೆ.

ಕಣ್ಣಿಗೆ ಬಿದ್ದದ್ದು ಬೇರೆ. ಬುಧವಾರ ಸಂಜೆ ಮಡಚಿದ ಬಟ್ಟೆ ಇಡಲು ಒಳಕೋಣೆಗೆ ಹೋದೆ. ಅಕ್ಷಿತಾ ಮೊಣಕಾಲೂರಿ, ಕೈ ಜೋಡಿಸಿ, ಹಣೆಯನ್ನು ನೆಲಕ್ಕೆ ತಾಗಿಸುತ್ತಿದ್ದಳು. ಎದುರಿಗೆ ಒಂದು ಖಾಲಿ ಪ್ಲಾಸ್ಟಿಕ್ ಕುರ್ಚಿ.

"ಎಂತ ಮಾಡ್ತಿದ್ದೀ?"

ಅವಳು ಸಟಕ್ಕನೆ ಎದ್ದಳು. "ಪ್ರಾಕ್ಟೀಸ್. ಶನಿವಾರ ಫಾ ಮನೆಯಲ್ಲಿ ಮಾಡ್ಲಿಕ್ಕುಂಟು."

"ಯಾರಿಗೆ?"

"ಸೀಕ್ರೆಟ್."

ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂದು ಊಹಿಸಲು ನನಗೆ ಕಷ್ಟವಾಗಲಿಲ್ಲ. ಬಟ್ಟೆಗಳನ್ನು ತಪ್ಪು ಕಪಾಟಿನಲ್ಲಿಟ್ಟೆ. ಆ ರಾತ್ರಿ ಅವಳ ಜಡೆ ಬಿಚ್ಚಿ ಬಾಚುವಾಗ ಯಾವತ್ತಿಗಿಂತ ಹೆಚ್ಚು ಹೊತ್ತು ಬಾಚಿದೆ. ಅವಳು ತೂಕಡಿಸುತ್ತಾ ನನ್ನ ಮಡಿಲಿಗೆ ಒರಗಿದಳು. ಇದಂತೂ ಇನ್ನೂ ನನ್ನದೇ ಎಂದುಕೊಂಡೆ. ಮಕ್ಕಳನ್ನು ಹೀಗೆ ಪಾಲು ಹಾಕಿ ಲೆಕ್ಕ ಹಿಡಿಯುವುದು ಸಣ್ಣತನ ಎಂದು ಗೊತ್ತಿತ್ತು. ಗೊತ್ತಿದ್ದರೂ ಮಾಡಿದೆ.

ಶುಕ್ರವಾರ ಡ್ಯೂಟಿ ಮುಗಿಸಿ ನೇರ ಗುರುದತ್ತನ ಅಂಗಡಿಗೆ ಹೋದೆ. ಎಳನೀರು, ಬಾಳೆಲೆ, ಕುಚ್ಚಲಕ್ಕಿ, ವಾರಕ್ಕೆರಡು ಸಲ ವಿಮಾನದಲ್ಲಿ ಬರುವ ಶಂಕರಪುರ ಮಲ್ಲಿಗೆ, ಎಲ್ಲ ಅವನಲ್ಲಿ ಸಿಗುತ್ತದೆ.

"ಮಳೆಗೆ ಊರಲ್ಲೇ ಹೂ ಇಲ್ಲ ಅಕ್ಕ. ಎರಡೇ ಅಟ್ಟೆ ಬಂದದ್ದು. ಒಂದು ನಿಶ್ಚಿತಾರ್ಥದವರಿಗೆ ಹೋಯ್ತು."

"ಇನ್ನೊಂದು ನನಗೆ ಕೊಡು."

"ಇಡೀ ಅಟ್ಟೆಯಾ? ನಾಲ್ಕು ಚೆಂಡು ಹೂ ಉಂಟಲ್ಲ ಅದರಲ್ಲಿ. ಮನೆಯಲ್ಲಿ ಪೂಜೆಯಾ?"

"ಪೂಜೆಯಲ್ಲ. ಥಾಯ್ಲೆಂಡಿನವರ ಮನೆಗೆ ಊಟಕ್ಕೆ ಹೋಗ್ಲಿಕ್ಕುಂಟು."

ಅವನು ಹೂವಿನ ಕಟ್ಟು ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ನೋಡಿದ. "ಅವರಿಗೆ ನಾಲ್ಕು ಚೆಂಡು. ನಿಮ್ಮ ಅತ್ತೆ ಬಂದಾಗ ಒಂದೇ ಚೆಂಡು ತಗೊಂಡು ಹೋಗಿದ್ರಿ ಅಲ್ವಾ?"

"ನೀನು ಹೂ ಮಾರುದಾ, ನನ್ನ ಅತ್ತೆಯ ವಕೀಲನಾ?"

ಅವನು ನಗುತ್ತಾ ಕಟ್ಟಿಕೊಟ್ಟ. ಬಾಳೆಲೆಯ ಆ ಪೊಟ್ಟಣವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಅಕ್ಷಿತಾ ಎಂದೂ ಕೈ ಹಾಕದ ಜಾಗದಲ್ಲಿ, ಫ್ರಿಜ್ಜಿನ ತರಕಾರಿ ಪೆಟ್ಟಿಗೆಯ ತಳದಲ್ಲಿ, ಹಾಗಲಕಾಯಿಯ ಅಡಿಗೆ ಬಚ್ಚಿಟ್ಟೆ. ನನ್ನ ಉದ್ದೇಶ ನನಗೆ ಸ್ಪಷ್ಟವಾಗಿತ್ತು. ಒಂದೂವರೆ ತಿಂಗಳಿಂದ ನನ್ನ ಮನೆಗೆ ಅವಳ ಅಡುಗೆಯ ವಾಸನೆ ಬಂದಿದೆ. ಒಂದು ದಿನ ಅವಳ ಮನೆ ನನ್ನ ವಾಸನೆಯಲ್ಲಿ ಮುಳುಗಲಿ. ನನ್ನ ಮಗಳು ಅಲ್ಲಿ ಯಾರ ಕಾಲಿಗೆ ಬೇಕಾದರೂ ಬೀಳಲಿ, ಬೀಳುವಾಗ ಮೂಗಿಗೆ ನಾನು ಬರಬೇಕು.

ಶನಿವಾರ ತಿಲಕ್‌ಗೆ ಅಬುಧಾಬಿಯ ಹಮ್ದಾನ್ ಸ್ಟ್ರೀಟ್ ಬ್ರಾಂಚಿನಲ್ಲಿ ಕೆಲಸ ಬಂತು. ಅಕ್ಷಿತಾ ಬೆಳಿಗ್ಗೆಯೇ ಮೇಲೆ ಹೋಗಿದ್ದಳು. ನಾನು ಸೀರೆ ಉಟ್ಟು, ಪೊಟ್ಟಣ ಹಿಡಿದು, ಒಬ್ಬಳೇ ಮೂರನೇ ಮಹಡಿಗೆ ಹೋದೆ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟೆ. ಅಲ್ಲಿ ಅಕ್ಷಿತಾಳ ಚಪ್ಪಲಿಗಳು ಜೋಡಿಯಾಗಿ, ನೇರವಾಗಿ ಇದ್ದವು. ನಮ್ಮ ಬಾಗಿಲಲ್ಲಿ ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ ಇರುತ್ತವೆ.

ರತ್ತನಾ ಕೈ ಜೋಡಿಸಿ ತಲೆ ಬಾಗಿಸಿ ಒಳಗೆ ಕರೆದಳು. ನಮ್ಮಿಬ್ಬರ ಇಂಗ್ಲಿಷೂ ಅರ್ಧರ್ಧ, ಆದರೆ ಎರಡು ಅರ್ಧ ಸೇರಿ ಹೇಗೋ ಮಾತು ನಡೆಯುತ್ತದೆ. ನಾನು ಎರಡೂ ಕೈಯಲ್ಲಿ ಪೊಟ್ಟಣ ಕೊಟ್ಟೆ. ಉಡುಗೊರೆಯನ್ನು ತಂದವರ ಎದುರು ಬಿಚ್ಚಬಾರದು ಎಂಬ ಅವರ ರೀತಿ ಮಲ್ಲಿಗೆಯ ಮುಂದೆ ನಡೆಯುವುದಿಲ್ಲ. ಬಿಚ್ಚುವ ಮೊದಲೇ ಇಡೀ ಹಾಲ್ ಘಮಗುಟ್ಟಿತು.

ರತ್ತನಾಳ ಮುಖ ಒಮ್ಮೆ ಅರಳಿತು, ಮರುಕ್ಷಣ ಅವಳು ಗಾಬರಿಯಿಂದ ಒಳಕೋಣೆಯ ಕಡೆ ನೋಡಿದಳು.

"ತಲೆಗೆ ಮುಡಿಯಲಿಕ್ಕೆ," ಅಂದೆ. ನಮ್ಮಲ್ಲಿ ಹಾಗೆಯೇ, ಕೈಗೆ ಕೊಟ್ಟು ಸುಮ್ಮನಿರುವುದಿಲ್ಲ, ನಾವೇ ಮುಡಿಸುತ್ತೇವೆ. ಒಂದು ಚೆಂಡು ತೆಗೆದು ಕೈ ಚಾಚಿದೆ. ಅವರ ತಲೆ ಮುಟ್ಟಬಾರದು ಎಂಬುದು ಆಗ ನೆನಪಾಗಿ ಕೈ ಗಾಳಿಯಲ್ಲೇ ನಿಂತಿತು. "ಸ್ವಲ್ಪ ಹೊತ್ತು ಇಲ್ಲಿರಲಿ," ಎಂದು ರತ್ತನಾ ಹೂವನ್ನು ಒಂದು ಪಿಂಗಾಣಿ ಬೋಗುಣಿಯಲ್ಲಿಟ್ಟು ತಟ್ಟೆ ಮುಚ್ಚಿದಳು. ಮಲ್ಲಿಗೆಗೆ ತಟ್ಟೆ ಮುಚ್ಚುವುದನ್ನು ನಾನು ಅದೇ ಮೊದಲು ನೋಡಿದ್ದು.

ಅಷ್ಟರಲ್ಲಿ ಅಕ್ಷಿತಾ ಹೊರಗೆ ಬಂದಳು. ಗಾಳಿ ಮೂಸಿದಳು. ನನ್ನನ್ನು ನೋಡಿದಳು, ಬೋಗುಣಿಯನ್ನು ನೋಡಿದಳು. ತಿರುಗಿ ಒಳಹೋಗಿ ಬಾಗಿಲನ್ನು ದಢಾರೆಂದು ಬಡಿದಳು.

ನಿಜ ಹೇಳುತ್ತೇನೆ, ಆ ಸದ್ದು ಕೇಳಿ ನನಗೆ ಮೊದಲು ಆದದ್ದು ಸಮಾಧಾನ. ಇದು ನನ್ನ ಮಗಳು ಬಾಗಿಲು ಮುಚ್ಚುವ ರೀತಿ.

ಸ್ವಲ್ಪ ಹೊತ್ತಿಗೆ ಫಾ ಬಂದು ನನ್ನೆದುರು ನಿಂತಳು. ಅವಳಿಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. "ಆಂಟಿ, ಅವಳು ಅಳುತ್ತಿದ್ದಾಳೆ. ಅವಳ ಹೂವನ್ನು ಕಸದ ಬುಟ್ಟಿಗೆ ಹಾಕುತ್ತಾಳಂತೆ."

"ಯಾವ ಹೂ?"

ಫಾ ತಾಯಿಯ ಮುಖ ನೋಡಿದಳು. ರತ್ತನಾ ನಿಟ್ಟುಸಿರು ಬಿಟ್ಟು ಕುರ್ಚಿಯ ತುದಿಯಲ್ಲಿ ಕೂತಳು.

"ಇವತ್ತು ನಮ್ಮ ದೇಶದಲ್ಲಿ ಅಮ್ಮಂದಿರ ದಿನ," ಅಂದಳು. "ಮಕ್ಕಳು ಅಮ್ಮನನ್ನು ಕೂರಿಸಿ, ನಮಸ್ಕಾರ ಮಾಡಿ, ಮಲ್ಲಿಗೆ ಕೊಡುತ್ತಾರೆ. ಬೇರೆ ಹೂವಲ್ಲ, ಮಲ್ಲಿಗೆಯೇ. ಫಾ ಪ್ರತಿ ವರ್ಷ ಕಾಗದದಲ್ಲಿ ಮಾಡುತ್ತಾಳೆ. ಈ ಸಲ ಅಕ್ಷಿತಾ ಕೇಳಿದಳು, ನನ್ನ ಅಮ್ಮನಿಗೆ ನಾನೂ ಕೊಡಬಹುದಾ ಎಂದು. ಆರು ವಾರದಿಂದ ಮಾಡುತ್ತಿದ್ದಾಳೆ. ನಿಮ್ಮನ್ನು ಕರೆದದ್ದೇ ಅದಕ್ಕೆ." ಮುಚ್ಚಿದ ಬೋಗುಣಿಯ ಕಡೆ ನೋಡಿ ಕೇಳಿದಳು, "ಹಣ್ಣು ತರಲು ಹೇಳು ಎಂದಿದ್ದೆ. ಹೇಳಲಿಲ್ಲವೇ?"

"ಹೇಳಿದ್ದಳು," ಅಂದೆ. ಅಮ್ಮನಿಗೆ ಕೊಡಬೇಕಾದ ಹೂವನ್ನು ಅಮ್ಮನೇ ನಾಲ್ಕು ಚೆಂಡು ಹೊತ್ತು ತಂದಿದ್ದಳು. ಅದೂ ಬೇಡ ಬೇಡವೆಂದು ಮಗು ಬೇಡಿಕೊಂಡ ಮೇಲೆ.

ಕೋಣೆಯ ಬಾಗಿಲನ್ನು ಮೆಲ್ಲಗೆ ತೆರೆದು ಹೋದೆ. ಅಕ್ಷಿತಾ ಹೊಲಿಗೆ ಯಂತ್ರದ ಹಿಂದೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ನಾನೂ ನೆಲದ ಮೇಲೆ ಕೂತೆ.

"ನಾನು ಹೂ ತರ್ಬೇಡ ಅಂತ ಹೇಳಿದ್ದೆ," ಅಂದಳು ಗೋಡೆಗೆ.

"ಹೇಳಿದ್ದಿ."

"ಮತ್ತೆ ಯಾಕೆ ತಂದದ್ದು?"

ಮಕ್ಕಳಿಗೆ ಏನೋ ಒಂದು ನೆವ ಹೇಳಿ ದಾಟಿಸಬಹುದು. ಆದರೆ ಅವಳ ಬೆನ್ನು ಅಳುವಿಗೆ ಅಲುಗುತ್ತಿತ್ತು. "ನಂಗೆ ಹೊಟ್ಟೆಕಿಚ್ಚು ಬಂದಿತ್ತು ಮಗಾ."

ಅವಳು ತಿರುಗಿದಳು. "ಜೆಲಸ್? ಯಾರ ಮೇಲೆ?"

"ನಿನ್ನ ಮೇ ಮೇಲೆ."

ಅಳು ನಿಂತಿತು. ಕ್ಲಿನಿಕ್ಕಿನಲ್ಲಿ ದೊಡ್ಡವರು ಇಂಜೆಕ್ಷನ್ನಿಗೆ ಹೆದರುವುದನ್ನು ಕಂಡಾಗ ನಾನು ನೋಡುವಂತೆ ನನ್ನನ್ನು ನೋಡಿದಳು. "ಅಮ್ಮ. ಶೀ ಈಸ್ ಫಾ'ಸ್ ಮದರ್," ಎಂದು ಬಿಡಿಸಿ ಬಿಡಿಸಿ ಹೇಳಿದಳು. "ಫಾ ಮೇ ಅಂತಾಳೆ, ಅದಕ್ಕೆ ನಾನೂ ಅಂತೇನೆ. ಅಷ್ಟೇ."

"ಅಷ್ಟೇನಾ?"

"ಮತ್ತೆ ಎಂತ?" ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ನಿನ್ನ ಹೂ ತೋರಿಸು."

"ಬೇಡ. ಅದು ಪೇಪರ್. ನೀನು ತಂದದ್ದಕ್ಕೆ ಪರಿಮಳ ಉಂಟು."

"ತೋರಿಸು ಮಗಾ."

ಫ್ರಾಕಿನ ಮಡಿಲಿಂದ ಮುದುಡಿದ ಪ್ಲಾಸ್ಟಿಕ್ ಚೀಲ ಹೊರಬಂತು. ಒಳಗೆ ಮಾರುದ್ದದ ಮಾಲೆ. ಗೋರಂಟಿ ಕೋನಿನ ತುದಿಯಷ್ಟು ಸಣ್ಣ ಬಿಳಿ ಕಾಗದದ ಮೊಗ್ಗುಗಳು, ತೊಟ್ಟಿಗೆ ಹಸಿರು ಬಣ್ಣ. ಮೊದಲಿನವು ದಪ್ಪ ದಪ್ಪ, ಸೊಟ್ಟ. ಹೋಗುತ್ತಾ ಹೋಗುತ್ತಾ ಸಪೂರವಾಗಿ, ಸಮನಾಗಿ ಬಂದಿದ್ದವು. ಆರು ವಾರಗಳು ಆ ಮಾಲೆಯ ಉದ್ದಕ್ಕೂ ಕಾಣುತ್ತಿದ್ದವು. ಆದರೆ ನಾನು ನೋಡಿದ್ದು ಮೊಗ್ಗುಗಳನ್ನಲ್ಲ, ಗಂಟುಗಳನ್ನು. ಸೂಜಿಯಲ್ಲಿ ಪೋಣಿಸಿದ್ದಲ್ಲ ಅದು. ಎರಡು ಮೊಗ್ಗು ಆಚೆ, ಎರಡು ಈಚೆ ಇಟ್ಟು, ಬೆರಳಲ್ಲಿ ಸುತ್ತಿ ಎಳೆಯುವ ನಮ್ಮೂರಿನ ಗಂಟು. ಬಾಳೆನಾರಿನ ಬದಲು ನನ್ನ ಕ್ಲಿನಿಕ್ಕಿನ ಫ್ಲಾಸ್.

"ಇದು ಯಾರು ಕಲಿಸಿದ್ದು?"

"ಅಜ್ಜಿ. ಹೋದ ವರ್ಷ ಜಗಲಿಯಲ್ಲಿ ಕೂತು ಕಟ್ಟುವಾಗ ನೋಡಿದ್ದೆ. ಮೇಗೆ ಈ ಗಂಟು ಬರುದಿಲ್ಲ. ನಾನೇ ಕಲಿಸಿದೆ," ಅಂದಳು ಮೂಗು ಒರೆಸಿಕೊಳ್ಳುತ್ತಾ. "ಮೇ ಮೂರು ದಿನ ತಗೊಂಡ್ರು ಕಲಿಲಿಕ್ಕೆ. ಫಾಗೆ ಇನ್ನೂ ಬರುದಿಲ್ಲ."

ನಾನು ಮಾಲೆಯನ್ನು ಮೂಗಿಗೆ ಹಿಡಿದೆ. ಪುದೀನ. ಆ ಫ್ಲಾಸಿಗೆ ಪುದೀನದ ಪರಿಮಳ ಹಾಕಿರುತ್ತಾರೆ. "ಪರಿಮಳ ಇಲ್ಲ ಅಂತ ಯಾರು ಹೇಳಿದ್ದು? ನೋಡು."

ಅವಳೂ ಮೂಸಿದಳು. "ಟೂತ್‌ಪೇಸ್ಟ್," ಎಂದು ನಕ್ಕುಬಿಟ್ಟಳು.

ಹಾಲಿನಲ್ಲಿ ಎರಡು ಕುರ್ಚಿ ಇಟ್ಟರು. ಮೊದಲು ಫಾ ತನ್ನ ತಾಯಿಗೆ ನಮಸ್ಕರಿಸಿ ಕಾಗದದ ಹೂ ಕೊಟ್ಟಳು. ಆಮೇಲೆ ಅಕ್ಷಿತಾ ನನ್ನೆದುರು ಮೊಣಕಾಲೂರಿದಳು. ಬುಧವಾರ ಅವಳ ಎದುರಿಗಿದ್ದದ್ದು ಖಾಲಿ ಕುರ್ಚಿ, ಈಗ ಕುರ್ಚಿಯಲ್ಲಿ ನಾನು ಕೂತಿದ್ದೆ, ಕೈ ಎಲ್ಲಿಡಬೇಕೆಂದು ತಿಳಿಯದೆ. ಅವಳ ಹಣೆ ನನ್ನ ಪಾದಕ್ಕೆ ತಾಗಿದಾಗ ತಲೆಯ ಮೇಲೆ ಕೈಯಿಟ್ಟೆ. ಅಲ್ಲಿ ನಿಂಬೆಹುಲ್ಲಿನ ವಾಸನೆ ಇತ್ತು. ಇರಲಿ ಬಿಡು ಎಂದು ಆ ಕ್ಷಣಕ್ಕೆ ಅನಿಸಿತು.

ಊಟವಾದ ಮೇಲೆ ರತ್ತನಾ ಬೋಗುಣಿಯ ತಟ್ಟೆ ತೆಗೆದಳು. "ಇದು ನನಗೇ ತಾನೇ? ನನಗೆ ಬೇಕಾದ ಹಾಗೆ ಮಾಡಬಹುದೇ?" ಎಂದು ಕೇಳಿ, ಫೋನಿನಲ್ಲಿ ಊರಿಗೆ ವಿಡಿಯೋ ಕಾಲ್ ಮಾಡಿದಳು. ಬೊಚ್ಚು ಬಾಯಿಯ ಒಬ್ಬ ಮುದುಕಿ ತೆರೆಯ ಮೇಲೆ ಬಂದಳು. ರತ್ತನಾ ಫೋನನ್ನು ಗೋಡೆಗೆ ಒರಗಿಸಿ, ನಾಲ್ಕೂ ಚೆಂಡುಗಳನ್ನು ಅದರ ಮುಂದಿಟ್ಟು, ನೆಲಕ್ಕೆ ಹಣೆ ಹಚ್ಚಿ ತುಂಬ ಹೊತ್ತು ಹಾಗೇ ಇದ್ದಳು. ನನ್ನ ಹೂ ಎಂದು ನಾನು ಕೊಂಡುಹೋದದ್ದು ಕೊನೆಗೆ ಇನ್ನೊಬ್ಬರ ಅಮ್ಮನಿಗೆ ಸಂದಿತು. ಮುದುಕಿ ಏನೋ ಕೇಳಿದಳು. ರತ್ತನಾ ನನ್ನತ್ತ ಕೈ ತೋರಿಸಿದಳು. ಮುದುಕಿ ನನಗೆ ಕೈ ಮುಗಿದಾಗ ನಾನು ಎದ್ದುನಿಂತು ಕೈ ಮುಗಿದೆ. ಆ ಹೂವನ್ನು ಯಾವ ಮನಸ್ಸಿನಿಂದ ತಂದೆ ಎಂದು ಆಕೆಗೆ ಗೊತ್ತಿಲ್ಲದ್ದೇ ಒಳ್ಳೆಯದಾಯಿತು.

ಇದರಿಂದ ನಾನು ಪೂರ್ತಿ ಸರಿಹೋದೆ ಎಂದು ಹೇಳಲಾರೆ. ಸೋಮವಾರ ಬೆಳಿಗ್ಗೆ ಮೂರನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದದ್ದೇ ಅಕ್ಷಿತಾ "ಮೇ" ಎನ್ನುತ್ತಾ ಓಡಿದಳು, ಮತ್ತೆ ಅದೇ ಜಾಗದಲ್ಲಿ ಚುಚ್ಚಿತು. ಅರ್ಧ ದಾರಿ ಹೋದವಳು ತಿರುಗಿ ಬಂದು, ನನ್ನನ್ನು ಬಗ್ಗಿಸಿ, ಜಡೆಯಲ್ಲಿದ್ದ ಕಾಗದದ ಮಾಲೆಯನ್ನು ಸರಿಮಾಡಿದಳು.

"ಅಮ್ಮ, ಬೆವರಿದ್ರೆ ಗೋಂದು ಬಿಡ್ತದೆ. ನಡ್ಕೊಂಡು ಹೋಗ್ಬೇಡ, ಆಯ್ತಾ?"

ಹೊರಗೆ ಆಗಸ್ಟಿನ ಸೆಕೆ ಒದ್ದೆ ಕಂಬಳಿಯಂತೆ ಮುಚ್ಚಿಕೊಂಡಿತ್ತು. ದಿನಾ ಆ ಹತ್ತು ನಿಮಿಷವನ್ನು ನಾನು ನಡೆದೇ ಹೋಗುವವಳು. ಆ ದಿನ ಬಸ್ ಸ್ಟಾಪಿನ ಎಸಿ ಗೂಡಿನೊಳಗೆ ಹೋಗಿ, ಜಡೆಯನ್ನು ಮುಂದಕ್ಕೆ ಹಾಕಿಕೊಂಡು, ಒಂದೇ ಸ್ಟಾಪಿಗಾಗಿ ಬಸ್ಸಿಗೆ ಕಾದೆ.